ಸ್ಟೇಷನ್ ಪರದೆಯ ಮುಂದೆ ಆಡಿದ ಮಾತು

ನನ್ನ ಹೆಂಡತಿ ಸಾವಂತ್ರೆವ್ವ ಊರು ಬಿಟ್ಟು ಹೋದಳೆಂದು ಪಂಚರು ತೀರ್ಮಾನ ಕೊಟ್ಟ ಹೊತ್ತಿಗೆ ಅವಳು ನಮ್ಮ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ತೊಗರಿಬೇಳೆಯೊಳಗಿನ ಕಲ್ಲು ಆರಿಸುತ್ತಿದ್ದಳು. ನಾನು ಪಂಚರ ಕಟ್ಟೆಯಿಂದ ಮನೆಗೆ ಬಂದು ಬಾಗಿಲಲ್ಲಿ ನಿಂತೆ. ಸುದ್ದಿಯನ್ನು ಅವಳಿಗೆ ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಊರಲ್ಲೇ ಇಲ್ಲದವಳಿಗೆ ಹೇಳುವುದಾದರೂ ಹೇಗೆ? ಕೊನೆಗೆ ಗೋಡೆಯ ಕಡೆ ಮುಖ ಮಾಡಿ, "ಆಕಿ ಹೋದ್ಲಂತ," ಎಂದೆ. ಅವಳು ಒಂದು ಕಲ್ಲನ್ನು ಹೊಸ್ತಿಲಾಚೆ ಎಸೆದು, "ಯಾರು?" ಎಂದಳು. "ನೀನ," ಎಂದೆ. ಅವಳು ಮೊರವನ್ನೊಮ್ಮೆ ಕೊಡವಿದಳು. ಆಮೇಲೆ ಮತ್ತೆ ಬೇಳೆ ಆರಿಸತೊಡಗಿದಳು.

ನಾನು ಊರಿನ ಪರದೆ ಎಳೆಯುವವನು, ಹೆಸರು ಅಂದಾನೆಪ್ಪ. ನಮ್ಮಪ್ಪನೂ ಇದೇ ಕೆಲಸ ಮಾಡಿದ. ಊರ ನಡುವೆ ಹಲಗೆಯ ಅಟ್ಟವೊಂದಿದೆ. ಅದರ ಹಿಂದೆ ಮಂಜರಪಾಟದ ಬಟ್ಟೆಯ ಮೇಲೆ ಬರೆದ ಏಳು ಪರದೆಗಳನ್ನು ಬಿದಿರಿನ ಗಳಕ್ಕೆ ಸುತ್ತಿ ಕಟ್ಟಿದ್ದಾರೆ. ಬೆಲೆಯುಳ್ಳ ಮಾತು ಯಾವುದಿದ್ದರೂ ಅಟ್ಟದ ಮೇಲೆ, ಅದಕ್ಕೆ ಸರಿಯಾದ ಪರದೆಯ ಮುಂದೆ ಆಡಬೇಕು. ದನ ಮಾರುವವರಿಗೆ ಸಂತೆ ಪರದೆ, ಜಗಳ ಬಗೆಹರಿಸಿಕೊಳ್ಳುವವರಿಗೆ ಕಟ್ಟೆ ಪರದೆ, ಮದುವೆಗೆ ಚಪ್ಪರದ ಪರದೆ, ಸತ್ತವರಿಗಾಗಿ ಅಳುವವರಿಗೆ ಹೊಳೆ ಪರದೆ, ನಾಟಿಗೆ ಹೊಲದ ಪರದೆ, ಊರು ಬಿಡುವವರಿಗೆ ಸ್ಟೇಷನ್ ಪರದೆ. ಏಳನೆಯದು ಅರಮನೆ. ಅದು ಯಾತಕ್ಕೆಂದು ಯಾರಿಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆ ಧೂಳು ಕೊಡವಲು ಇಳಿಸಿದಾಗ ಯಾರಾದರೂ ಅದರ ಮುಂದೆ ನಿಂತು, ಗಂಟಲು ಸರಿ ಮಾಡಿಕೊಂಡು, ಹೇಳುವುದೇನೂ ತೋಚದೆ ಕೆಳಗಿಳಿಯುತ್ತಾರೆ.

ಈ ಕೆಲಸದಲ್ಲಿ ಎಚ್ಚರ ಬೇಕು. "ಇಷ್ಟ ಸಾಕು" ಎಂಬ ಮಾತನ್ನೇ ತೆಗೆದುಕೊಳ್ಳಿ. ಸಂತೆಯ ಮುಂದೆ ಅಂದರೆ ವ್ಯಾಪಾರ ಕುದುರಿತು, ಚಪ್ಪರದ ಮುಂದೆ ಅಂದರೆ ಬೀಗರಿಗೆ ಹೊಟ್ಟೆ ತುಂಬಿತು, ಹೊಳೆಯ ಮುಂದೆ ಅಂದರೆ ಇನ್ನು ಹೆಣ ಎತ್ತಬಹುದು. ಒಮ್ಮೆ ನಮ್ಮಪ್ಪ ಜ್ವರದಲ್ಲಿ ಹೊಳೆ ಪರದೆಯ ಬದಲು ಸಂತೆ ಪರದೆ ಬಿಟ್ಟಿದ್ದ. ತಾಯಿಯನ್ನು ಕಳಕೊಂಡ ಹೆಂಗಸೊಬ್ಬಳು ಅದರ ಮುಂದೆ ಬಿದ್ದು ಅಳುವಾಗ ಕೆಳಗೆ ಕೂತವರು ಮರ್ಯಾದೆಯಿಂದ ಏನು ದರ ಎಂದು ಕೇಳಿದರು. ಆ ಹೆಂಗಸು ನಮ್ಮ ಓಣಿಯಲ್ಲಿ ಇಂದಿಗೂ ಕಾಲಿಡುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ತಪ್ಪು ನನ್ನಿಂದಲೇ ಆಯಿತು. ಅಟ್ಟದ ಮಾಡು ಸೋರಿ ಸ್ಟೇಷನ್ ಪರದೆ ಮೂಲೆಯಲ್ಲಿ ನೆನೆದಿತ್ತು. ಹುಣಸೆ ಬೀಜದ ಅಂಟು ಬಳಿದು ಒಣಗಿಸಲೆಂದು ಮನೆಗೆ ತಂದು ಹಿತ್ತಲಿನ ಬೇವಿನ ಕೊಂಬೆಗೆ ತೂಗುಹಾಕಿದೆ. ಒಣಗಲು ಹಾಕಿದ ಪರದೆಯ ಮುಖ ಗೋಡೆಯ ಕಡೆಗೇ ಇರಬೇಕು. ಇದು ಪರದೆ ಎಳೆಯುವವರ ಮನೆಯ ಕೂಸಿಗೂ ಗೊತ್ತಿರುವ ಸಂಗತಿ. ಆದರೆ ಬಿಸಿಲು ಅಡುಗೆಮನೆಯ ಕಡೆಯಿಂದ ಬೀಳುತ್ತಿತ್ತು, ಬಣ್ಣ ಒಣಗುತ್ತಿರಲಿಲ್ಲ. ಅರ್ಧ ತಾಸಿನ ಮಾತಲ್ಲವೇ ಎಂದು ತಿರುಗಿಸಿಬಿಟ್ಟೆ. ಅಡುಗೆಮನೆಯ ಬಾಗಿಲ ಎದುರಿಗೆ ಇಡೀ ಸ್ಟೇಷನ್ನು ಬಂದು ನಿಂತಿತು. ಗಡಿಯಾರ, ಕಲ್ಲಿನ ಬೆಂಚು, ಬೆನ್ನು ಹಾಕಿ ಹೊರಟ ರೈಲು, ಅದರ ಕೊನೆಯ ಡಬ್ಬಿಯ ಕೆಂಪು ದೀಪ.

ಸಾವಂತ್ರೆವ್ವ ಒಳಗೆ ರೊಟ್ಟಿ ಬಡಿಯುತ್ತ ಏನೋ ಹೇಳಿದಳು. ನಾನು ಹೂಂ ಎಂದೆ. ಮತ್ತೆ ಏನೋ ಹೇಳಿದಳು. ನನ್ನ ಲಕ್ಷ್ಯವೆಲ್ಲ ಅಂಟಿನ ಮೇಲಿತ್ತು, ಮತ್ತೊಮ್ಮೆ ಹೂಂ ಎಂದೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಪರದೆಗೆ ಬೆನ್ನು ಕೊಟ್ಟು ನಿಂತು, "ನನಗ ಈ ಮನಿ ಸಾಕಾತ್ರಿ. ನಾ ಹೊಂಟೆ," ಎಂದಳು. ಕೂಗಲಿಲ್ಲ, ಮಾಮೂಲಿನಂತೆಯೇ ಹೇಳಿದಳು.

ಅದೇ ಹೊತ್ತಿಗೆ ಪಕ್ಕದ ಮನೆಯ ಕಲ್ಲವ್ವ ಹಾಲಿನ ಗಿಂಡಿ ಹಿಡಿದು ಹಿತ್ತಲ ಬಾಗಿಲಲ್ಲಿದ್ದಳು. ಒಳ್ಳೆಯ ಹೆಂಗಸು, ಆದರೆ ರೀತಿ ರಿವಾಜಿನಲ್ಲಿ ಒಂದು ಎಳೆಯೂ ಸಡಿಲ ಬಿಡುವವಳಲ್ಲ. ಗಿಂಡಿಯನ್ನು ನೆಲಕ್ಕಿಟ್ಟು, ಊರು ಬಿಡುವವರಿಗೆ ಎತ್ತುವಂತೆ ಬಲಗೈ ಎತ್ತಿ, "ಹೋಗಿ ಬಾ ಅಕ್ಕಾ, ಹಾದ್ಯಾಗ ಚಲೋ ಆಗ್ಲಿ," ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಪಂಚರ ಕಡೆ ನಡೆದಳು. ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು, ಸಾವಂತ್ರೆವ್ವ ಒಳಗೆ ಓಡಿದಳು. ನಾನು ಅಂಟಿನ ಕುಂಚ ಹಿಡಿದು ನಿಂತೇ ಇದ್ದೆ.

ಪಂಚರ ಹಿರಿಯ ಸಿದ್ಲಿಂಗಪ್ಪನವರು ಸಾವಧಾನದ ಮನುಷ್ಯ. ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. "ಅಟ್ಟದ ಮ್ಯಾಲಲ್ರಿ, ನಮ್ಮ ಹಿತ್ತಲದಾಗ," ಎಂದೆ. "ಪರದಿ ಇದ್ದಲ್ಲೇ ಅಟ್ಟ," ಎಂದರು. "ಸಿಟ್ಟಿನಾಗ ಅಂದಾಳ್ರಿ," ಎಂದೆ. "ಸಿಟ್ಟು ಇಲ್ಲದ ಊರು ಬಿಟ್ಟೋರು ಯಾರಪಾ?" ಎಂದರು. ನನಗೆ ಕೊನೆಯದಾಗಿ ಒಂದೇ ಮಾತು ಉಳಿದಿತ್ತು. "ಆಕಿ ಎಲ್ಲೂ ಹೋಗಿಲ್ರಿ. ರೊಟ್ಟಿ ಸೀಯ್ತದಂತ ಅಡಿಗಿಮನ್ಯಾಗ ಹೋದ್ಲು." ಸಿದ್ಲಿಂಗಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಅದು ಆಕಿ ಊರು ಬಿಟ್ಟ ಮ್ಯಾಲಿನ ಮಾತಲ್ಲ? ಊರು ಬಿಟ್ಟೋರು ಎಲ್ಲಿಗರ ಹೋಗ್ಲಿ. ನಿಮ್ಮ ಅಡಿಗಿಮನಿಗೂ ಹೋಗಬಹುದು. ಅದನ್ನ ಕೇಳಾಕ ನಾವ್ಯಾರು?" ಊರು ಬಿಟ್ಟವರು ಹದಿನೈದು ದಿನದೊಳಗೆ ಅದೇ ಪರದೆಯ ಮುಂದೆ ನಿಂತು "ಬಂದೆ" ಅನ್ನದಿದ್ದರೆ ಮದುವೆ ಮುರಿದ ಹಾಗೆ, ಆಮೇಲೆ ಗಂಡನ ಮನೆಗೂ ಅವರಿಗೂ ಸಂಬಂಧವಿಲ್ಲ ಎಂಬುದನ್ನು ಅವರು ನೆನಪಿಸಿದರು. ಇಪ್ಪತ್ತೆರಡು ವರ್ಷದ ಸಂಸಾರ ನಮ್ಮದು.

ಮರುದಿನದಿಂದ ಜನ ನನ್ನನ್ನು ಮಾತಾಡಿಸಲು ಬರತೊಡಗಿದರು. ಜಗಲಿಯ ಮೇಲೆ ಕೂತು, "ಹೋದ ಊರು ಮುಟ್ಟಿದ್ಲಂತೇನಪಾ? ಸುದ್ದಿ ಏನರ ಬಂತೇನು?" ಎನ್ನುವರು. ಸಾವಂತ್ರೆವ್ವ ಚಹಾ ತಂದು ಅವರ ಮುಂದೆ ಇಡುವಳು. ಅವರು ಕಪ್ಪು ಎತ್ತಿ ಒಂದು ಗುಟುಕು ಕುಡಿದು, "ಒಬ್ಬನ ಇದ್ದೂ ಚಹಾ ಚಲೋ ಮಾಡ್ತಿ ನೋಡು," ಎಂದು ನನ್ನನ್ನು ಹೊಗಳುವರು. ಕಲ್ಲವ್ವ ಹಾಲನ್ನು ಅರ್ಧಕ್ಕಿಳಿಸಿದಳು, ಒಬ್ಬನಿಗೆ ಅಷ್ಟು ಯಾಕೆ ಎಂದು. ಸಾವಂತ್ರೆವ್ವ ಬಾವಿಗೆ ಹೋದರೆ ಹೆಂಗಸರು ಹಗ್ಗವನ್ನು ಅವಳ ಕೈ ದಾಟಿಸಿ ಮುಂದಿನವಳಿಗೆ ಕೊಡುವರು. ಯಾರಿಗೂ ಅವಳ ಮೇಲೆ ದ್ವೇಷವಿರಲಿಲ್ಲ. ಅವಳ ನೆನಪು ತೆಗೆದು ಅಲ್ಲಿಯೇ ಇಬ್ಬರು ಅತ್ತರಂತೆ. ಅವಳು ಖಾಲಿ ಕೊಡ ಹಿಡಿದು ಅದನ್ನೆಲ್ಲ ಕೇಳಿ ಬಂದಳು.

ನನ್ನ ತಲೆ ಕೆಟ್ಟು ಹೋಗಿತ್ತು. ಅವಳ ಕೂಡ ಮಾತಾಡಿದರೆ ಪಂಚರ ಮಾತು ಮೀರಿದ ಹಾಗೆ, ಆಡದಿದ್ದರೆ ಮನೆಗೆಲಸವೇ ಸಾಗದು. ಹೀಗಾಗಿ ನಾನು ಗೋಡೆಗೆ, ಕಂಬಕ್ಕೆ, ಒಲೆಗೆ ಮಾತು ಹೇಳತೊಡಗಿದೆ. "ಇವತ್ತು ಅಟ್ಟದ ಹಗ್ಗದ ಗಡಗಡಿ ತುಕ್ಕು ಹಿಡದೈತಿ," ಎಂದು ಕಂಬಕ್ಕೆ ಹೇಳುವೆ. "ಎಣ್ಣಿ ಹಾಕ್ಬೇಕು," ಎಂದು ಅವಳು ಬೇಳೆಗೆ ಹೇಳುವಳು. ನಾನು ಅವಳನ್ನು ಕದ್ದು ನೋಡತೊಡಗಿದೆ. ಇಲ್ಲದವಳನ್ನು ನೋಡಿದರೆ ತಪ್ಪಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳು ಉಪ್ಪನ್ನು ಮೊದಲು ಅಂಗೈಗೆ ಹಾಕಿಕೊಂಡು ನೋಡಿ ಆಮೇಲೆ ಸಾರಿಗೆ ಹಾಕುತ್ತಾಳೆ. ಕಿವಿಯ ಹಿಂದಿನ ಕೂದಲು ಪೂರಾ ಬೆಳ್ಳಗಾಗಿದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ದೂರದ ರಸ್ತೆ ನೋಡುತ್ತಾಳೆ. ಇದೆಲ್ಲ ಎಂದಿನಿಂದ? ಕೇಳೋಣವೆಂದರೆ ಅವಳು ಊರಲ್ಲಿಲ್ಲ.

ನನಗೆ ಹೆದರಿಕೆಯಾಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ. ಎಂಟು ದಿನ ಕಳೆದಾಗ ಸಿದ್ಲಿಂಗಪ್ಪನವರ ಬಳಿ ಹೋಗಿ ಆಕೆಯನ್ನು ಕರೆಸಿಕೊಳ್ಳುತ್ತೇನೆಂದೆ. ಅವರು ನನ್ನನ್ನು ಕರೆದುಕೊಂಡು ಅಟ್ಟಕ್ಕೆ ಬಂದು ಸ್ಟೇಷನ್ ಪರದೆ ಬಿಡಿಸಿ ನೋಡಿದರು. "ಇದರಾಗ ಹೋಗೋ ಗಾಡಿ ಒಂದ ಐತಿ. ಬರೋದೆಲ್ಲೈತಿ?" ಎಂದರು. ನಿಜ. ಆ ಪರದೆಯ ಮುಂದೆ ಊರು ಬಿಟ್ಟವರು ಎಷ್ಟೋ ಮಂದಿ, ಬಂದವರು ಒಬ್ಬರೂ ಇಲ್ಲ. ಅದನ್ನು ಬರೆದವನಿಗೆ ಅದು ಯಾಕೆ ಹೊಳೆಯಲಿಲ್ಲವೋ, ಇಷ್ಟು ವರ್ಷ ಎಳೆದ ನನಗೆ ಯಾಕೆ ಕಾಣಲಿಲ್ಲವೋ. ಬರುವ ಗಾಡಿ ಬರೆಯಲು ಅಪ್ಪಣೆ ಬೇಡಿದೆ. "ಬ್ಯಾರೆ ಗಾಡಿಗೆ ಜಾಗ ಇಲ್ಲ. ಇದಕ್ಕ ಏನರ ಮಾಡು," ಎಂದರು.

ನಮ್ಮೂರಿಗೆ ರೈಲಿಲ್ಲ, ನಾನು ಕಂಡವನೂ ಅಲ್ಲ. ಆ ಪರದೆಯಲ್ಲಿ ದೂರದ ತುದಿಗೆ ಕಾಣುವ ಎಂಜಿನ್ನನ್ನೇ ನೋಡಿ, ಹಿಂದಿನ ಡಬ್ಬಿಯ ಕೆಂಪು ದೀಪ ಅಳಿಸಿ, ಅಲ್ಲಿ ಇನ್ನೊಂದು ಎಂಜಿನ್ನು ಬರೆದೆ. ಮೂರು ದಿನ ಹಿಡಿಯಿತು. ಅದು ಸ್ವಲ್ಪ ನಮ್ಮ ಹಿಟ್ಟಿನ ಡಬ್ಬದಂತೆ ಕಂಡರೂ ಹೊಗೆ ಚೆನ್ನಾಗಿ ಬಂದಿತ್ತು. ಸಿದ್ಲಿಂಗಪ್ಪನವರು ಬಂದು ಕತ್ತು ಓರೆ ಮಾಡಿ ನಿಂತರು.

"ಈಗಿದು ಬರಾಕತ್ತೈತೋ ಹೊಂಟೈತೋ?"

"ಎರಡೂ ರೀ."

"ಎರಡೂ ಹೆಂಗಾಕ್ಕೈತಿ?"

"ಎರಡೂ ಕಡೆ ಎಂಜಿನ್ ಐತಲ್ರಿ."

ಅವರು ಆ ಕಡೆ ಹೋಗಿ ನೋಡಿದರು, ಈ ಕಡೆ ಬಂದು ನೋಡಿದರು. ಕೊನೆಗೆ ಹಣೆ ತಿಕ್ಕಿಕೊಂಡು, "ಆತು. ಏನಂದ್ರೂ ನಡೀತೈತಿ ಹಂಗಾರ," ಎಂದು ಹದಿನಾಲ್ಕನೆಯ ದಿನ ಬೆಳಿಗ್ಗೆ ಊರು ಕೂಡಿಸುವುದಾಗಿ ಹೇಳಿದರು. ನಾನು ಮನೆಗೆ ಬಂದು ಕಂಬಕ್ಕೆ, "ನಾಡದ ಮುಂಜಾನೆ ಬಂದೆ ಅಂದ್ರ ಸಾಕಂತ," ಎಂದು ಸುದ್ದಿ ಹೇಳಿದೆ. ಅವಳು ಸೀರೆ ಮಡಚುತ್ತಿದ್ದಳು.

ಆ ದಿನ ಊರಿಗೆ ಊರೇ ಅಟ್ಟದ ಮುಂದೆ ಕೂತಿತ್ತು. ಬಂದವಳಿಗೆ ಕೊಡಲು ಬೆಲ್ಲ ನೀರು ತಂದಿದ್ದರು. ನಾನು ಪರದೆ ಇಳಿಸಿ, ಎಂದಿನಂತೆ ಅದರ ಹಿಂದೆ ಹಗ್ಗ ಹಿಡಿದು ನಿಂತೆ. ಹಿಂಬದಿಯಿಂದ ಪರದೆಯಲ್ಲಿ ಏನೂ ಕಾಣುವುದಿಲ್ಲ, ಅಂಟಿನ ಕಲೆ, ತೇಪೆ, ಇಲಿ ಕಡಿದ ತೂತು ಅಷ್ಟೆ. ನನ್ನ ಅರ್ಧ ಆಯುಷ್ಯ ಅಲ್ಲಿ ಕಳೆದಿದೆ. ಬಟ್ಟೆಯ ಆಚೆ ಹಲಗೆಯ ಮೇಲೆ ಅವಳ ಕಾಲ ಸಪ್ಪಳ ಕೇಳಿತು. ಬಂದು ನಡುವೆ ನಿಂತಳು. ಅವಳು "ಬಂದೆ" ಅನ್ನಲಿಲ್ಲ. ಆಮೇಲೆ ಪರದೆಯ ಅಂಚು ಸರಿಯಿತು, ಅವಳು ಹಿಂದೆ ನನ್ನ ಬಳಿಗೇ ಬಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಜಾಗಕ್ಕೆ ಬಂದಿದ್ದು ಅದೇ ಮೊದಲು.

"ಇಲ್ಲಿ ಆಡಿದ ಮಾತಿಗೆ ಲೆಕ್ಕ ಐತ್ರೇನು?" ಎಂದು ಕೇಳಿದಳು.

"ಇಲ್ಲ. ಇಲ್ಲಿ ಏನಂದ್ರೂ ನಡೀತೈತಿ," ಎಂದೆ. ಅವಳ ಮುಖ ನೋಡಿಯೇ ಹೇಳಿದೆ.

"ಹಂಗಾರ ಕೇಳ್ರಿ. ನಾ ಸಿಟ್ಟಿನಾಗ ಅಂದಿಲ್ಲ. ಖರೇನ ಅಂದೀನಿ. ಆ ಪರದಿ ಇರದಿದ್ರೂ ಅಂತಿದ್ದೆ. ಎಷ್ಟು ಸಲ ಅಂದೀನಿ, ರೊಟ್ಟಿ ಬಡೀವಾಗ, ನೀವು ಊಟಕ್ಕ ಕುಂತಾಗ. ಪ್ರತಿ ಸಲ ನೀವು ಹೂಂ ಅಂದ್ರಿ."

ನನಗೆ ಒಂದೂ ನೆನಪಾಗಲಿಲ್ಲ. ಮನೆಯಲ್ಲಿ ಆಡುವ ಮಾತನ್ನು ನಾನು ಮಾತೆಂದು ಎಣಿಸಿದವನೇ ಅಲ್ಲ. ಪರದೆ ಇಲ್ಲದ ಕಡೆ ಏನು ಹೇಳಿದರೇನು ಎಂದುಕೊಂಡೇ ಬದುಕು ಸಾಗಿಸಿದ್ದೆ. ನಾಚಿಕೆಯಾಯಿತು.

"ಈಗ ನಾನ ಕೇಳ್ತೀನಿ," ಎಂದಳು. "ಈ ಹದಿನಾಲ್ಕು ದಿನ ಆತು, ನೀವು ನನ್ನ ನೋಡಾಕತ್ತೀರಿ. ಕಂಬಕ್ಕರ ಆಗ್ಲಿ, ಮಾತಾಡಾಕತ್ತೀರಿ. ನಾ ಬಂದೆ ಅಂದ್ರ ನಾಳಿಗೆ ಮತ್ತ ಹೂಂ ಅಂತೀರಿ. ಬಂದೆ ಅನ್ನದಿದ್ರ ಮದುವಿ ಹೋಕ್ಕೈತಿ. ನಾ ಏನಂತ ಹೇಳ್ಲಿ, ನೀವ ಹೇಳ್ರಿ. ನೀವು ಹೇಳಿದ್ದ ಹೇಳ್ತೀನಿ."

ನಾನು ಹಗ್ಗ ಹಿಡಿದು ನಿಂತೆ. ಬಾ ಅನ್ನಲು ಬಾಯಿ ಬರಲಿಲ್ಲ, ಅವಳು ಹೇಳಿದ್ದು ಸುಳ್ಳೆಂದು ನನಗೇ ಅನ್ನಿಸಿದ್ದರೆ ಅಂದುಬಿಡುತ್ತಿದ್ದೆ. ಹೋಗು ಅನ್ನಲು ಎದೆ ಒಪ್ಪಲಿಲ್ಲ. ಆಚೆ ಜನ ಗುಸುಗುಸು ಶುರು ಮಾಡಿದ್ದರು. "ಅಂದಾನೆಪ್ಪ, ಗಾಡಿ ಎಷ್ಟೊತ್ತು ನಿಲ್ತೈತಪಾ?" ಎಂದು ಸಿದ್ಲಿಂಗಪ್ಪನವರ ದನಿ ಬಂತು. ಆ ಹೊತ್ತಿಗೆ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎಂದು ಹೇಳಲಾರೆ. ಹಗ್ಗವನ್ನು ಗೂಟಕ್ಕೆ ಬಿಗಿದು ಕಟ್ಟಿದೆ, ಪರದೆಯ ಅಂಚು ಸರಿಸಿದೆ, ಮುಂದೆ ಹೋಗಿ ಎರಡು ಎಂಜಿನ್ನಿನ ಆ ಗಾಡಿಗೆ ಬೆನ್ನು ಕೊಟ್ಟು ನಿಂತೆ. ಊರ ಎದುರು ಪರದೆಯ ಮುಂದೆ ನಾನು ನಿಂತಿದ್ದು ನನ್ನ ಮದುವೆಯ ದಿನ ಬಿಟ್ಟರೆ ಅಂದೇ. ಊರಿನವರ ಮುಖವೆಲ್ಲ ಒಟ್ಟಿಗೆ ಕಂಡಿತು.

"ನಾನೂ ಹೊಂಟೆ," ಎಂದೆ.

ಬೆಲ್ಲ ನೀರಿನ ತಾಟು ಹಿಡಿದವರು ಅದನ್ನು ಮುಂದೆ ಚಾಚಬೇಕೋ ಹಿಂದೆ ಸರಿಸಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಕಲ್ಲವ್ವ ಮಾತ್ರ ರೀತಿ ತಪ್ಪಲಿಲ್ಲ. ಎದ್ದು ಬಲಗೈ ಎತ್ತಿದಳು, ಹೊಲಕ್ಕೆಂದು ಕಟ್ಟಿಕೊಂಡು ಬಂದಿದ್ದ ತನ್ನ ಬುತ್ತಿಯನ್ನೇ ತಂದು ನನ್ನ ಕೈಗಿಟ್ಟು, "ಹೋಗಿ ಬಾ ಅಣ್ಣಾ," ಎಂದಳು. ಆಗ ಉಳಿದವರೂ ಕೈ ಎತ್ತಿದರು. ಎತ್ತಿದ ಕೈ ಇಳಿಸುವ ಹೊತ್ತಿಗೆ ಅವರ ಕಣ್ಣು ನನ್ನನ್ನು ದಾಟಿ ಹಿಂದಿನ ಗಡಿಯಾರವನ್ನು ನೋಡುತ್ತಿತ್ತು. ನಾನು ಮೆಟ್ಟಿಲು ಇಳಿದೆ. "ಅಲ್ಲಪಾ, ಇನ್ನ ಪರದಿ ಎಳೆಯೋರು ಯಾರು? ಗುರುವಾರ ಮದುವಿ ಐತಿ," ಎಂದು ಸಿದ್ಲಿಂಗಪ್ಪನವರು ಗಾಳಿಗೆ ಕೇಳುತ್ತಿದ್ದರು.

ಸಾವಂತ್ರೆವ್ವ ಆಗಲೇ ಅಟ್ಟದ ಹಿಂದಿನಿಂದ ಇಳಿದು ಬೀದಿಗೆ ಬಂದಿದ್ದಳು. ನಾನು ಓಡಿ ಹೋಗಿ ಅವಳ ಪಕ್ಕದಲ್ಲಿ ನಡೆಯತೊಡಗಿದೆ. ತಡವಾಗಿ ಅಟ್ಟದ ಕಡೆ ಬರುತ್ತಿದ್ದವರು ನಮ್ಮಿಬ್ಬರ ನಡುವೆಯೇ ದಾರಿ ಮಾಡಿಕೊಂಡು ಹೋದರು. ನನಗೆ ಒಳಗೊಳಗೇ ಹೆಮ್ಮೆ. ಗಂಡ ಅಂದರೆ ಹೀಗಿರಬೇಕು ಎಂದು ಅವಳು ಏನಾದರೂ ಹೇಳಿಯಾಳೆಂದು ಕಾಯುತ್ತಿದ್ದೆ.

"ನಿಮ್ಮನ್ನ ಯಾರು ಬಾ ಅಂದ್ರು?" ಎಂದಳು.

ನಾನು ನಿಂತುಬಿಟ್ಟೆ. ಅವಳೂ ನಿಂತಳು. ಸಿಟ್ಟು ಅವಳ ಮುಖದಲ್ಲಿ ಇರಲಿಲ್ಲ, ಕೇಳಬೇಕಾದ್ದನ್ನು ಕೇಳಿದ್ದಳು ಅಷ್ಟೆ.

"ನಾ ಒಬ್ಬಾಕಿನ ಹೋಗ್ಬೇಕಂತ ಇದ್ದೆ. ನಾ ಹೊಂಟೆ ಅಂದ್ರ, ನಾ ಹೊಂಟೆ. ಇಬ್ರೂ ಅಂದಿದ್ನೇನು?"

"ನನಗೇನು ಗೊತ್ತು ಸಾವಂತ್ರಿ. ನನಗೊಂದೂ ತಿಳೀವಲ್ದು," ಎಂದೆ. "ನೀ ಕಾಣದಂಗ ಆದ್ರ ನನಗ ಆಗಂಗಿಲ್ಲ. ಅದು ಗೊತ್ತಾಗೇತಿ ನೋಡು, ಅಷ್ಟ. ಮತ್ತೇನೂ ಗೊತ್ತಿಲ್ಲ. ಈಗ ನಾ ಏನ್ ಮಾಡ್ಲಿ?"

ಅವಳು ನನ್ನ ಕೈಯಲ್ಲಿದ್ದ ಬುತ್ತಿ ನೋಡಿದಳು. ಹಿಂದೆ ಅಟ್ಟದ ಕಡೆ ಜನ ಏಳುವ ಗದ್ದಲ ಕೇಳುತ್ತಿತ್ತು.

"ಬರ್ರಿ," ಎಂದಳು. "ಆದ್ರ ಹಿಂದಿನಿಂದ ಬರ್ರಿ. ಹತ್ತು ಹೆಜ್ಜಿ ಹಿಂದ."

ಅವಳು ಮುಂದೆ ನಡೆದಳು. ನಾನು ನಿಂತಲ್ಲೇ ಹತ್ತು ಎಣಿಸಿ ಕಾಲೆತ್ತಿದೆ. ನಮ್ಮ ಓಣಿಯ ತಿರುವು ಬಂತು. ಅವಳು ತಿರುಗಲಿಲ್ಲ. ತಿರುವು ಮರೆತಳೇನೋ ಎಂದು ಕೂಗಬೇಕೆಂದಿದ್ದೆ, ಅಷ್ಟರಲ್ಲಿ ನಮ್ಮ ಓಣಿ ಹಿಂದೆ ಉಳಿಯಿತು. ಒಲೆಯ ಮೇಲೆ ಹಾಲು ಮುಚ್ಚಿಟ್ಟಿತ್ತೋ ಇಲ್ಲವೋ, ಬೀಗ ಹಾಕಿದ್ದೆನೋ ಇಲ್ಲವೋ. ಕೊನೆಯ ಮನೆ ದಾಟಿತು, ಬಣವೆಗಳು ದಾಟಿದವು. ಅಲ್ಲಿಂದಾಚೆ ನಾನು ಎಂದೂ ಹೋದವನಲ್ಲ. ರಸ್ತೆ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತೋ ಏನೋ, ನನಗಂತೂ ಗೊತ್ತಿರಲಿಲ್ಲ. ಎರಡೂ ಕಡೆ ಬರೀ ಬಯಲು, ಯಾರೂ ಏನೂ ಬರೆಯದ ಆಕಾಶ. ಇಲ್ಲಿ ಏನಾದರೂ ಮಾತಾಡಿದರೆ ಅದಕ್ಕೆ ಏನರ್ಥವೋ ತಿಳಿಯದೆ ಸುಮ್ಮನೆ ಅವಳ ಬೆನ್ನು ನೋಡುತ್ತ, ಹತ್ತು ತಪ್ಪದಂತೆ ಒಂದೇ ಹದದಲ್ಲಿ ನಡೆದೆ. ಹಳ್ಳ ದಾಟಿದ ಮೇಲೆ ಮತ್ತೊಮ್ಮೆ ಅಂದಾಜು ಮಾಡಿದೆ. ನಮ್ಮ ನಡುವೆ ಒಂಬತ್ತೇ ಹೆಜ್ಜೆ ಇತ್ತು. ನಾನಂತೂ ಜೋರಾಗಿ ನಡೆದಿರಲಿಲ್ಲ.